ಗೋಡೆಗೆ ಮೊದಲು ಹೂಳಿನ ಲೆಕ್ಕ: ಕಾಸರಗೋಡಿನ ಬಂದರುಗಳ ಬಗ್ಗೆ ಒಂದು ಬಹಿರಂಗ ಪತ್ರ

ಕೇರಳ ಮಾರಿಟೈಮ್ ಬೋರ್ಡ್, ರಾಜ್ಯದ ಬಂದರು ಇಲಾಖೆ, ಲಕ್ಷದ್ವೀಪ ಆಡಳಿತ ಮತ್ತು ಕಾಸರಗೋಡು ಜಿಲ್ಲೆಯ ಜನಪ್ರತಿನಿಧಿಗಳಿಗೆ

ಮಾನ್ಯರೇ,

ಸಣ್ಣ ಬಂದರು ಎಂದಾಗ ನಮ್ಮ ಜಿಲ್ಲೆಯಲ್ಲಿ ಕೇಳಿಬರುವ ಹೆಸರು ನಾಲ್ಕು: ಮಂಜೇಶ್ವರ, ಕಾಸರಗೋಡು, ನೀಲೇಶ್ವರ, ಚೆರುವತ್ತೂರು. ಹೆಸರಿದೆ, ಸರಕಿನ ಹಡಗಿಲ್ಲ. ಬಜೆಟ್ ಹತ್ತಿರ ಬಂದಾಗಲೆಲ್ಲ ‘ನಮ್ಮೂರಿಗೂ ಒಂದು ಬಂದರು’ ಎಂಬ ಮನವಿ ತಿರುವನಂತಪುರಕ್ಕೆ ಹೋಗುತ್ತದೆ. ಆ ಮನವಿಯ ಮೊದಲ ಸಾಲು ಅಲೆತಡೆಗೋಡೆ, ಎರಡನೆಯದು ಧಕ್ಕೆ (ಹಡಗು ನಿಲ್ಲುವ ಕಟ್ಟೆ), ಮೂರನೆಯದು ರಸ್ತೆ. ಹಡಗು ಎಲ್ಲಿಗೆ ಹೋಗುತ್ತದೆ, ಏನು ಹೊತ್ತು ಹೋಗುತ್ತದೆ, ಮರಳುವಾಗ ಏನು ತರುತ್ತದೆ, ವರ್ಷವರ್ಷ ಅಳಿವೆ ಬಾಗಿಲಲ್ಲಿ ಕೂರುವ ಹೊಯ್ಗೆಯನ್ನು (ಮರಳನ್ನು) ಯಾರ ದುಡ್ಡಿನಲ್ಲಿ ತೆಗೆಯುವುದು, ಈ ನಾಲ್ಕು ಪ್ರಶ್ನೆಗಳಿಗೆ ಅದರಲ್ಲಿ ಜಾಗ ಇರುವುದಿಲ್ಲ.

ಬಂದರಿನ ಕಲ್ಲು, ಹೂಳು, ಮಂಜಿ (ಮರದ ಸರಕು ಹಡಗು) ಸಾಗಾಟ, ಸಾಲದ ಕಂತು ಇವುಗಳ ಲೆಕ್ಕ ಬಲ್ಲವರು ಸೇರಿ ಬರೆಯುತ್ತಿರುವ ಪತ್ರ ಇದು. ನಾವು ಕೇಳುವುದು ಕ್ರಮ ಬದಲಿಸಿ ಎಂದು: ಮೊದಲು ಹಡಗಿನ ದಾರಿಗೆ ಹಣ ಇಡಿ, ಆಮೇಲೆ ಹೂಳಿಗೆ, ಕೊನೆಗೆ ಕಲ್ಲಿಗೆ.

ನಮ್ಮ ಕಡಲಿನ ಆಚೆ ದಡ ಯಾವುದು ಎಂಬಲ್ಲಿಂದಲೇ ಶುರು ಮಾಡೋಣ. ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಐದು ಜನವಸತಿ ದ್ವೀಪಗಳ ಅಮೀನ್‌ದಿವಿ ಗುಂಪು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ಕಾಸರಗೋಡು ತಾಲೂಕು ಕೂಡ ಅದೇ ಜಿಲ್ಲೆಯದು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಬಂದೆವು, ಅವರು ಕೇಂದ್ರಾಡಳಿತಕ್ಕೆ ಹೋದರು. ಕಚೇರಿ ಬದಲಾದರೂ ವ್ಯಾಪಾರದ ದಾರಿ ಬದಲಾಗಲಿಲ್ಲ. ಆ ದ್ವೀಪಗಳಿಗೆ ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ, ಕಬ್ಬಿಣ ಇಂದಿಗೂ ಮಂಗಳೂರಿನ ಹಳೇ ಬಂದರಿನಿಂದ ಮಂಜಿಗಳಲ್ಲಿ ಹೋಗುತ್ತದೆ. ಕಾಸರಗೋಡಿನಲ್ಲಿ ಸರಕು ಬಂದರು ಎಂದರೆ ಸಹಜವಾಗಿ ಕಣ್ಣ ಮುಂದೆ ಬರುವುದು ಈ ದ್ವೀಪಗಳೇ.

ಹಾಗಾದರೆ ಸರಕು ಎಷ್ಟು? 2011ರ ಜನಗಣತಿಯಲ್ಲಿ ಲಕ್ಷದ್ವೀಪದ ಒಟ್ಟು ಜನಸಂಖ್ಯೆ 64,473. ಅಮೀನ್‌ದಿವಿಯ ಐದೂ ದ್ವೀಪ ಸೇರಿ 20 ಸಾವಿರದ ಒಳಗೆ. ಒಬ್ಬರಿಗೆ ವರ್ಷಕ್ಕೆ 2 ಟನ್ ಸರಕು ಬೇಕು ಎಂದು ಧಾರಾಳವಾಗಿ ಹಿಡಿಯಿರಿ: 40,000 ಟನ್. ಒಂದು ಮಂಜಿಗೆ 300 ಟನ್ ಎಂದರೆ 133 ಯಾನ. ಮಳೆಗಾಲದ ನಾಲ್ಕು ತಿಂಗಳು ಮಂಜಿ ಹೊರಡುವಂತಿಲ್ಲ; ಉಳಿದ ಎಂಟು ತಿಂಗಳಲ್ಲಿ ಎರಡು ದಿನಕ್ಕೊಂದು ಹಡಗು. ಅಷ್ಟೇ ಸರಕು. ಅದೂ ಮಂಗಳೂರಿನವರು ಪೂರಾ ಬಿಟ್ಟುಕೊಟ್ಟರೆ.

ಅವರು ಯಾಕೆ ಬಿಟ್ಟುಕೊಡಬೇಕು? ಭೂಪಟದ ಮೇಲೆ ನೇರ ಗೆರೆ ಎಳೆದರೆ ಕಾಸರಗೋಡಿನಿಂದ ಕಿಲ್ತಾನ್‌ಗೆ ಸುಮಾರು 130 ನಾಟಿಕಲ್ ಮೈಲು, ಮಂಗಳೂರಿನಿಂದ 135ರ ಆಸುಪಾಸು. ಕೊಚ್ಚಿಯಿಂದ 210 ದಾಟುತ್ತದೆ. ಕೊಚ್ಚಿಗೆ ಹೋಲಿಸಿ ‘ನಾವೇ ಹತ್ತಿರ’ ಎನ್ನುವ ವರದಿಗಳು ಮಂಗಳೂರಿನ ಸಾಲನ್ನು ಮೆಲ್ಲಗೆ ಬಿಟ್ಟುಬಿಡುತ್ತವೆ. ತಲಪಾಡಿಯಿಂದ ಚೆಂಗಳದ ತನಕ 39 ಕಿ.ಮೀ. ಹೆದ್ದಾರಿ ಆರು ಪಥವಾದ ಮೇಲಂತೂ ನಮ್ಮ ಲಾರಿ ಮಂಗಳೂರಿನ ಧಕ್ಕೆಗೆ ಸುಮಾರು ಒಂದು ಗಂಟೆಯ ದಾರಿ. ಐದು ಮೈಲು ಉಳಿಸಲು ಹೊಸ ಬಂದರು ಕಟ್ಟುವ ಲೆಕ್ಕ ಯಾವ ಬ್ಯಾಂಕಿನ ಮೇಜಿನ ಮೇಲೂ ನಿಲ್ಲುವುದಿಲ್ಲ. ನಮ್ಮೂರಿನ ವಿರುದ್ಧವೇ ಮಾತಾಡುತ್ತಿದ್ದೇವೆ ಎಂದು ಯಾರಾದರೂ ಅಂದುಕೊಂಡರೆ, ಮುಂದಿನ ಲೆಕ್ಕವನ್ನೂ ಓದಿ ಆಮೇಲೆ ಬಯ್ಯಲಿ.

ದ್ವೀಪಗಳೇ ದೇಶವಾಗಿರುವ ಕಡೆ ಈ ಪ್ರಶ್ನೆಯನ್ನು ಹೇಗೆ ಬಿಡಿಸಿದರು ಎಂದು ನೋಡುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಫಿಲಿಪ್ಪೀನ್ಸ್‌ನಲ್ಲಿ 7,641 ದ್ವೀಪ. ಅಲ್ಲಿನ ಬಂದರು ಪ್ರಾಧಿಕಾರ 1974ರಲ್ಲಿ ಹುಟ್ಟಿತು. ಮನಿಲಾದಂಥ ದೊಡ್ಡ ಬಂದರಿನ ಆದಾಯದಿಂದ ಸಣ್ಣ ಬಂದರುಗಳ ಖರ್ಚು ತೂಗಿಸುವ ಪದ್ಧತಿ ಅದರದು. ಆದರೆ ದರ ನಿಗದಿ ಮಾಡುವವರೂ ಅವರೇ, ಆ ದರದಲ್ಲಿ ಪಾಲು ಪಡೆಯುವವರೂ ಅವರೇ ಎಂಬ ಆಕ್ಷೇಪ ಹಳೆಯದು. ಅಲ್ಲಿ ಆಟ ಬದಲಿಸಿದ್ದು ಹೊಸ ಗೋಡೆಯಲ್ಲ, 2003ರ ಒಂದು ಆದೇಶ. ಲಾರಿ ಚಕ್ರದ ಮೇಲೆಯೇ ಹಡಗು ಹತ್ತಿ, ಚಕ್ರದ ಮೇಲೆಯೇ ಇಳಿಯುವ ರೋ-ರೋ ಸೇವೆಗೆ ಸರಕು ಎತ್ತಿಳಿಸುವ ಶುಲ್ಕವನ್ನೂ ಧಕ್ಕೆ ಬಾಡಿಗೆಯನ್ನೂ ಆ ಆದೇಶ ತೆಗೆದುಹಾಕಿತು. ಹಡಗಿನ ಮೇಲೆ ಲಾರಿ ಎಷ್ಟು ಮೀಟರ್ ಉದ್ದ ಹಿಡಿಯುತ್ತದೋ ಅಷ್ಟಕ್ಕೆ ದರ. ಬಟಂಗಾಸ್‌ನಿಂದ ಕಲಪಾನ್, ಅಲ್ಲಿಂದ ರಸ್ತೆಯಲ್ಲಿ ರೋಹಸ್, ಮತ್ತೆ ಹಡಗಿನಲ್ಲಿ ಕಟಿಕ್ಲಾನ್ ಹೀಗೆ ಕಡಲು ಮತ್ತು ರಸ್ತೆ ಒಂದೇ ಹೆದ್ದಾರಿಯಾಯಿತು. ಕ್ರೇನ್ ಬೇಡ, ಗೋದಾಮು ಬೇಡ, ಒಂದು ಇಳಿಜಾರು ಕಾಂಕ್ರೀಟ್ ಹಾಸು ಸಾಕು.

ಇಂಡೋನೇಷ್ಯಾ 2015ರ ನವೆಂಬರಿನಲ್ಲಿ ‘ತೊಲ್ ಲಾವುತ್’, ಅಂದರೆ ಕಡಲ ಹೆದ್ದಾರಿ ಎಂಬ ಯೋಜನೆಯಡಿ ಸಬ್ಸಿಡಿ ಹಡಗು ಓಡಿಸಲು ಶುರು ಮಾಡಿತು. 17 ಸಾವಿರಕ್ಕೂ ಹೆಚ್ಚು ದ್ವೀಪಗಳ ದೇಶ; ಕಾರ್ಖಾನೆಗಳೆಲ್ಲ ಪಶ್ಚಿಮದ ಜಾವಾದಲ್ಲಿ, ಕೊಳ್ಳುವವರು ಪೂರ್ವದಲ್ಲಿ. ವೇಳಾಪಟ್ಟಿಯಂತೆ ಹಡಗು ಹೋಯಿತು, ತುಂಬಿಕೊಂಡೇ ಹೋಯಿತು. ಮರಳುವಾಗ ಹೊಟ್ಟೆ ಖಾಲಿ. ಖಾಲಿ ಹಡಗಿಗೂ ಎಣ್ಣೆ ಹೆಚ್ಚುಕಡಿಮೆ ಅಷ್ಟೇ ಸುಡುತ್ತದೆ, ಆದ್ದರಿಂದ ಸಬ್ಸಿಡಿ ಇಳಿಯಲೊಲ್ಲದು. ಆಮೇಲೆ ದ್ವೀಪಗಳಲ್ಲಿ ಸರಕು ಸಂಗ್ರಹ ಕೇಂದ್ರ ತೆರೆದು ಮೀನು, ಕೊಬ್ಬರಿಯಂಥ ಮರುಸರಕು ಹುಡುಕುವ ಕೆಲಸಕ್ಕೆ ಇಳಿಯಬೇಕಾಯಿತು. ಹಡಗಿಗೆ ಮೊದಲೇ ಮಾಡಬೇಕಿದ್ದ ಕೆಲಸ ಹಡಗಾದ ಮೇಲೆ ಬಂತು.

ಜಾಗದ ಆಯ್ಕೆಯ ಪಾಠವೂ ಅಲ್ಲೇ ಇದೆ. ಜಕಾರ್ತಾದ ತಂಜುಂಗ್ ಪ್ರಿಯೋಕ್ ಬಂದರಿನ ಒತ್ತಡ ಇಳಿಸಲು ಚಿಲಮಾಯಾದಲ್ಲಿ ಹೊಸ ಬಂದರು ಎಂದು ವರ್ಷಗಟ್ಟಲೆ ಅಧ್ಯಯನ ನಡೆಯಿತು. 2015ರಲ್ಲಿ ಅದನ್ನು ಕೈಬಿಟ್ಟರು. ಸಮುದ್ರದ ತಳದ ತೈಲ ಮತ್ತು ಅನಿಲ ಕೊಳವೆಗಳು, ಬಾವಿಗಳು ಹಡಗಿನ ದಾರಿಗೆ ಅಡ್ಡ ಬಂದವು. ಬದಲಿಗೆ ಪತಿಂಬಾನ್ ಎಂಬಲ್ಲಿ 2017ರಲ್ಲಿ ಜಪಾನಿನ ಸುಮಾರು 119 ಶತಕೋಟಿ ಯೆನ್ ಸಾಲ ಪಡೆದು ಕಟ್ಟಿದರು. ಕಾರು ಸಾಗಿಸುವ ಟರ್ಮಿನಲ್ 2020ರ ಡಿಸೆಂಬರಿನಲ್ಲಿ ತೆರೆಯಿತು. ಬಡ್ಡಿ ಕಡಿಮೆ ಎಂದು ವಿದೇಶಿ ಸಾಲಕ್ಕೆ ಕೈ ಚಾಚುವವರು ಒಂದು ಮಾತು ನೆನಪಿಡಬೇಕು: ಸಾಲ ಯೆನ್‌ನಲ್ಲಿ, ಆದಾಯ ರುಪಾಯಿಯಲ್ಲಿ. 30–40 ವರ್ಷದಲ್ಲಿ ನಮ್ಮ ಹಣ ಇಳಿದಷ್ಟೂ ಬಡ್ಡಿಯ ಉಳಿತಾಯ ಕರಗುತ್ತದೆ.

ಮಾಲ್ಡೀವ್ಸ್‌ನ 1,192 ದ್ವೀಪಗಳಲ್ಲಿ ಜನವಸತಿ ಇರುವುದು 200ಕ್ಕಿಂತ ಕಡಿಮೆ. ಅಲ್ಲಿ ಪ್ರತಿ ದ್ವೀಪಕ್ಕೂ ಬಂದರು ಬೇಕು ಎಂಬುದು ಚುನಾವಣೆಯ ಮಾತು. ಹವಳದ ಹಾಸನ್ನು ಕತ್ತರಿಸಿ ಬಂದರು ಮಾಡಿದ ಹಲವು ಕಡೆ ಪಕ್ಕದ ದಂಡೆಯನ್ನು ಕಡಲು ತಿಂದಿತು. ಸರಕು ಹೆಚ್ಚುಕಡಿಮೆ ಎಲ್ಲವೂ ಮೊದಲು ಮಾಲೆಯಲ್ಲಿ ಇಳಿದು, ಅಲ್ಲಿಂದ ಧೋಣಿಗಳಲ್ಲಿ ಹಂಚಿಹೋಗುತ್ತದೆ. ಉತ್ತರಕ್ಕೊಂದು, ದಕ್ಷಿಣಕ್ಕೊಂದು ಪ್ರಾದೇಶಿಕ ಬಂದರು ಇದೆ. ನಡುವೆ ಇರುವ ಉಳಿದವು ಇಳಿದಾಣಗಳು ಮಾತ್ರ. ನಮ್ಮ ನಾಲ್ಕರ ಕಥೆಗೂ ಇದಕ್ಕೂ ದೂರವಿಲ್ಲ.

ಇನ್ನು ಒಂದು ಸಿಮೆಂಟ್ ಗೋಣಿಯ ಹಿಂದೆ ಹೋಗೋಣ. 50 ಕೆ.ಜಿ.ಯ ಗೋಣಿ ಲಾರಿಯಿಂದ ಹೆಗಲಿಗೆ, ಹೆಗಲಿಂದ ಧಕ್ಕೆಗೆ, ಧಕ್ಕೆಯಿಂದ ಅಡ್ಡಹಲಗೆಯ ಮೇಲೆ ನಡೆದು ಮಂಜಿಯ ಒಡಲಿಗೆ. ಉಬ್ಬರ ಇಳಿತಕ್ಕೆ ಹಲಗೆಯ ಓರೆ ಬದಲಾಗುತ್ತಾ ಹೋಗುತ್ತದೆ; ಇಳಿತದಲ್ಲಿ ಹಲಗೆ ಕಡಿದಾದರೆ ಕೆಲಸ ನಿಧಾನ. ಒಡಲಲ್ಲಿ ತಳದ ಸಾಲು ಹಸಿಯಾಗದಂತೆ ಮರದ ತುಂಡು, ಮೇಲೆ ಟಾರ್ಪಾಲು. ದ್ವೀಪ ಮುಟ್ಟಿದ ಮೇಲೆ ಜೆಟ್ಟಿಯ ಬುಡದಲ್ಲಿ ಆಳ ಸಾಲದಿದ್ದರೆ ಮಂಜಿ ಹೊರಗೆ ಲಂಗರು ಹಾಕುತ್ತದೆ. ಗೋಣಿ ಒಡಲಿಂದ ಮೇಲೆ, ಮೇಲಿನಿಂದ ಸಣ್ಣ ದೋಣಿಗೆ, ದೋಣಿಯಿಂದ ಜೆಟ್ಟಿಗೆ, ಜೆಟ್ಟಿಯಿಂದ ಪಿಕಪ್ಪಿಗೆ. ಎಣಿಸಿ ನೋಡಿದರೆ ಏಳು ಸಲ ಕೈ ಬದಲಾಗಿದೆ. ಪ್ರತಿ ಸಲ ಕೂಲಿ, ಪ್ರತಿ ಸಲ ಒಂದೆರಡು ಗೋಣಿ ಹರಿಯುವ ಸಾಧ್ಯತೆ, ದೋಣಿಯಲ್ಲಿ ಒಂದು ತುಂತುರು ಬಿದ್ದರೆ ಅಂಚಿನ ಗೋಣಿ ಕಲ್ಲಾಗುವ ಸಾಧ್ಯತೆ. ಯಾನದ ಎಣ್ಣೆ ಖರ್ಚಿಗಿಂತ ಈ ಎತ್ತಿಳಿಸುವ ಖರ್ಚು ಕಾಡುತ್ತದೆ. ಇದಕ್ಕೆ ಅಲೆತಡೆಗೋಡೆಯಲ್ಲಿ ಉತ್ತರ ಇಲ್ಲ. ಚಪ್ಪಟೆ ತಳದ, ಮುಂಭಾಗ ಬಾಗಿಲಿನಂತೆ ಇಳಿಯುವ ಹಡಗಿನಲ್ಲಿ ಲಾರಿ ಸಮೇತ ಹೋದರೆ ಗೋಣಿ ಎರಡೇ ಸಲ ಕೈ ಬದಲಾಗುತ್ತದೆ: ಅಂಗಡಿಯಲ್ಲಿ ಹತ್ತುವಾಗ, ದ್ವೀಪದ ಅಂಗಡಿಯಲ್ಲಿ ಇಳಿಯುವಾಗ.

ಅಂಥ ಹಡಗಿಗೆ ನಮ್ಮ ಕಡಲು ಒಂದು ರೀತಿಯಲ್ಲಿ ಅನುಕೂಲ. ಇಲ್ಲಿ ಉಬ್ಬರ ಇಳಿತದ ಅಂತರ ಅಮಾವಾಸ್ಯೆ ಹುಣ್ಣಿಮೆಗಳಲ್ಲೂ ಒಂದೂವರೆ ಮೀಟರಿನ ಒಳಗೆ. 1ಕ್ಕೆ 8ರ ಓರೆಯಲ್ಲಿ ಇಳಿಜಾರು ಹಾಸು ಕಟ್ಟಿದರೆ ನೀರಿನ ಅಂಚು ಸರಿದಾಡುವುದು 12 ಮೀಟರ್ ಮಾತ್ರ. ತೇಲುವ ಸೇತುವೆ, ಹೈಡ್ರಾಲಿಕ್ ಯಂತ್ರ ಏನೂ ಬೇಡ. ಹಾಸಿನ ತುದಿ ಅತಿ ಕೆಳಗಿನ ಇಳಿತಕ್ಕಿಂತ ಒಂದು ಮೀಟರಾದರೂ ಕೆಳಗೆ ಹೋಗಿರಬೇಕು; ಅದನ್ನು ಉಳಿಸಲು ಹೋದ ಕಡೆ ಹಡಗಿನ ಪ್ರೊಪೆಲ್ಲರ್ ತಳ್ಳುವ ನೀರು ಹಾಸಿನ ಬುಡ ಕೊರೆದು ತುದಿಯನ್ನು ತೂಗಾಡುವಂತೆ ಮಾಡುತ್ತದೆ. ಬುಡಕ್ಕೆ ಕಲ್ಲಿನ ಹಾಸು ಕಡ್ಡಾಯ. ಹೊರೆಯಾಳುಗಳ ಕೆಲಸದ ಪ್ರಶ್ನೆ ಖಂಡಿತ ಬರುತ್ತದೆ. ನೋಕ್ಕುಕೂಲಿಯನ್ನು, ಅಂದರೆ ಕೆಲಸ ಮಾಡದೆ ನೋಡುತ್ತಾ ನಿಂತದ್ದಕ್ಕೆ ಕೇಳುವ ಕೂಲಿಯನ್ನು, 2018ರ ಮೇ 1ರಿಂದ ನಿಷೇಧಿಸಿದ ರಾಜ್ಯ ಇದು. ಹಳೆ ಕಾರ್ಮಿಕರನ್ನು ಲಾರಿ ಕಟ್ಟುವ, ಸರಪಳಿ ಬಿಗಿಯುವ ಕೆಲಸಕ್ಕೆ ಮೊದಲೇ ಲಿಖಿತ ಒಪ್ಪಂದದಲ್ಲಿ ಸೇರಿಸಿಕೊಳ್ಳದಿದ್ದರೆ ಸೇವೆ ಮೊದಲ ವಾರದಲ್ಲೇ ನಿಲ್ಲುತ್ತದೆ.

ಅನಾನುಕೂಲವೂ ಅದೇ ಸಣ್ಣ ಉಬ್ಬರದಿಂದ. ನೀರು ಒಳ ಹೊರಗೆ ಜೋರಾಗಿ ಓಡದ ಕಡೆ ಅಳಿವೆ ತನ್ನನ್ನು ತಾನೇ ತೊಳೆದುಕೊಳ್ಳುವುದಿಲ್ಲ. ಜೂನಿನಿಂದ ಸೆಪ್ಟೆಂಬರ್ ತನಕ ಹೊಳೆಯ ನೆರೆ ಬಾಗಿಲು ತೆರೆದಿಡುತ್ತದೆ. ಮಳೆ ನಿಂತಿತೋ, ಕಡಲು ಹೊಯ್ಗೆ ತಂದು ಮುಚ್ಚತೊಡಗುತ್ತದೆ. ಉಪ್ಪಳ, ಶಿರಿಯ, ಮೊಗ್ರಾಲಿನ ಅಳಿವೆಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಹೂಳಿನ ಲೆಕ್ಕ. ಮೂರೂವರೆ ಮೀಟರ್ ನೀರು ಎಳೆಯುವ ಹಡಗಿಗೆ ಅಳಿವೆ ಬಾಗಿಲಲ್ಲಿ, ಅಲೆಗೆ ಹಡಗು ಏರಿಳಿಯುವುದನ್ನೂ ಸೇರಿಸಿ, ಹತ್ತಿರ ಹತ್ತಿರ 5 ಮೀಟರ್ ಆಳ ಬೇಕು. 800 ಮೀಟರ್ ಉದ್ದ, 60 ಮೀಟರ್ ಅಗಲದ ಕಾಲುವೆ ಎನ್ನಿ. ವರ್ಷಕ್ಕೆ ಒಂದೂವರೆ ಮೀಟರ್ ಹೂಳು ಕೂತರೆ 72,000 ಘನ ಮೀಟರ್. ಲೆಕ್ಕಕ್ಕಾಗಿ ಘನ ಮೀಟರಿಗೆ 300 ರೂಪಾಯಿ ಎಂದು ಇಟ್ಟುಕೊಳ್ಳಿ: 2.16 ಕೋಟಿ, ಪ್ರತಿ ವರ್ಷ. ಡ್ರೆಜರನ್ನು ತರುವ, ಮರಳಿ ಕಳಿಸುವ ಖರ್ಚು ಬೇರೆ. ಇದನ್ನು ಆ 40,000 ಟನ್ನಿಗೆ ಹಂಚಿದರೆ ಟನ್ನಿಗೆ 540 ರೂಪಾಯಿ. ಸಿಮೆಂಟ್ ಗೋಣಿಯ ತಲೆಗೆ 27 ರೂಪಾಯಿ, ಬರೀ ಹೂಳಿಗೆ. ಬಂದರು ಶುಲ್ಕ ಟನ್ನಿಗೆ 100 ರೂಪಾಯಿ ವಸೂಲಾದರೂ ವರ್ಷಕ್ಕೆ ಬರುವುದು 40 ಲಕ್ಷ.

ಅದೇ 2 ಮೀಟರ್ ನೀರು ಎಳೆಯುವ ಚಪ್ಪಟೆ ತಳದ ಹಡಗಾದರೆ 3 ಮೀಟರ್ ಆಳ ಸಾಕು. ಕಾಲುವೆ 400 ಮೀಟರಿಗೆ ಇಳಿಯುತ್ತದೆ, ಅಗಲ 50ಕ್ಕೆ. ಒಂದು ಮೀಟರ್ ಹೂಳು ಕೂತರೆ 20,000 ಘನ ಮೀಟರ್, 60 ಲಕ್ಷ ರೂಪಾಯಿ, ಗೋಣಿಗೆ ಏಳೂವರೆ. ಹಡಗಿಗೆ ತಕ್ಕ ಅಳಿವೆ ತೋಡುವ ಬದಲು ಅಳಿವೆಗೆ ತಕ್ಕ ಹಡಗು ಹುಡುಕಿ ಎಂದು ನಾವು ಹಟ ಹಿಡಿಯುವುದು ಈ ಕಾರಣಕ್ಕೆ. ಮೇಲಿನ ದರ, ಉದ್ದ, ಹೂಳಿನ ದಪ್ಪ ಎಲ್ಲ ಉದಾಹರಣೆಗೆ ಇಟ್ಟವು. ಅಳತೆ ಮಾಡಿ ಬಂದ ಅಂಕಿ ಹಾಕಿ ನೀವೇ ಮತ್ತೆ ಕೂಡಿಸಿ.

ಹೂಳನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ಸಾಕ್ಷಿ ಇದೆ. ಗುಜರಾತಿನ ಘೋಘಾ–ದಹೇಜ್ ಫೆರಿ 2017ರ ಅಕ್ಟೋಬರಿನಲ್ಲಿ ಶುರುವಾಯಿತು, ಮರುವರ್ಷ ವಾಹನಗಳೂ ಹತ್ತಿದವು. 2019ರ ಸೆಪ್ಟೆಂಬರಿನಲ್ಲಿ ನಿಂತಿತು. ದಹೇಜ್ ಕಡೆ ಹೂಳು ತುಂಬಿ ಹಡಗಿಗೆ ಬೇಕಾದ ಆಳ ಸಿಗಲಿಲ್ಲ. ಟರ್ಮಿನಲ್ ಗಟ್ಟಿಯಾಗಿ ನಿಂತಿತ್ತು, ಹಡಗೂ ಇತ್ತು, ಪ್ರಯಾಣಿಕರೂ ಇದ್ದರು. 2020ರ ನವೆಂಬರಿನಲ್ಲಿ ಸೇವೆಯನ್ನು ಹಜೀರಾಕ್ಕೆ ತಿರುಗಿಸಬೇಕಾಯಿತು.

ಗೋಡೆ ಬೇಕೇ ಬೇಕು ಎಂದಾದರೆ, ಅದರ ಬೆಲೆ ನಿರ್ಧರಿಸುವುದು ಉದ್ದಕ್ಕಿಂತ ಹೆಚ್ಚಾಗಿ ಅಲೆಯ ಎತ್ತರ. ಹೊರಮೈ ಕಲ್ಲಿನ ತೂಕ ಅಲೆಯ ಎತ್ತರದ ಘನಕ್ಕೆ ಸರಿಯಾಗಿ ಏರುತ್ತದೆ. ಹಡ್ಸನ್ ಸೂತ್ರದ ತಿರುಳು ಅಷ್ಟೇ. 1ಕ್ಕೆ 2ರ ಓರೆಯಲ್ಲಿ 3 ಮೀಟರ್ ಅಲೆಗೆ ಸುಮಾರು ನಾಲ್ಕೂವರೆ ಟನ್ನಿನ ಕರಿಕಲ್ಲು ಸಾಕು. 4 ಮೀಟರಾದರೆ ಹತ್ತೂವರೆ ಟನ್ ದಾಟುತ್ತದೆ. ಒಂದು ಮೀಟರ್ ತಪ್ಪು ಅಂದಾಜು ಎಂದರೆ ಎರಡು ಪಟ್ಟಿಗಿಂತ ಹೆಚ್ಚು ಭಾರದ ಕಲ್ಲು. ಅಷ್ಟು ದೊಡ್ಡ ಕಲ್ಲು ಎಲ್ಲ ಕ್ವಾರಿಯಲ್ಲೂ ಸಿಗದು. ಸಿಕ್ಕರೂ ಒಂದು ಲಾರಿಗೆ ಒಂದೋ ಎರಡೋ. ಆಗ ಕಾಂಕ್ರೀಟಿನ ಟೆಟ್ರಾಪಾಡ್ ಅಚ್ಚು ಹಾಕಬೇಕು. ಅದರ ಕಾಲುಗಳು ಒಂದಕ್ಕೊಂದು ಸಿಕ್ಕಿಕೊಳ್ಳುವುದರಿಂದ 4 ಮೀಟರ್ ಅಲೆಗೂ ನಾಲ್ಕೂವರೆ ಟನ್ನಿನ ತುಂಡು ಸಾಕಾಗುತ್ತದೆ. ನಮ್ಮ ನೆಲದ ಮುರಕಲ್ಲು (ಜಂಬಿಟ್ಟಿಗೆ) ಮನೆಗೆ ಸರಿ. ಹಗುರ, ಸಡಿಲ, ಕಡಲ ಹೊಡೆತಕ್ಕೆ ಪುಡಿಯಾಗುತ್ತದೆ. ಒಳತಿರುಳಿಗೆ ಸಹ ಅದನ್ನು ಸುರಿಯಲು ಬಿಡಬಾರದು.

ಇನ್ನೊಂದು ತಪ್ಪು ಗೋಡೆಯನ್ನು ಗಿಡ್ಡ ಮಾಡುವುದು. ಅಲೆ ಒಡೆಯುವುದು ತನ್ನ ಎತ್ತರದ ಸುಮಾರು 1.3 ಪಟ್ಟು ಆಳದಲ್ಲಿ. ಮಳೆಗಾಲದ 3 ಮೀಟರ್ ಅಲೆ ಹತ್ತಿರ ಹತ್ತಿರ 4 ಮೀಟರ್ ಆಳದಲ್ಲಿ ಒಡೆಯುತ್ತದೆ. ದುಡ್ಡು ಉಳಿಸಲು ಗೋಡೆಯ ತಲೆಯನ್ನು ಅದೇ 4 ಮೀಟರಿನಲ್ಲಿ ನಿಲ್ಲಿಸಿದರೆ ಅಲೆ ಸರಿಯಾಗಿ ಬಂದರಿನ ಬಾಗಿಲಲ್ಲೇ ಒಡೆಯುತ್ತದೆ. ಹೊಯ್ಗೆಯೂ ಅಲ್ಲೇ ಕೂರುತ್ತದೆ. ಒಳಗೆ ಬರುವ ದೋಣಿಯ ಹಿಂಬದಿಯನ್ನು ಅಲೆ ಎತ್ತಿ ಅಡ್ಡ ತಿರುಗಿಸುತ್ತದೆ. ದೋಣಿ ಮಗುಚುವುದು ಹೀಗೆ. ಗೋಡೆ ಅರ್ಧಕ್ಕೆ ನಿಂತ ಬಂದರು, ಗೋಡೆಯೇ ಇಲ್ಲದ ಅಳಿವೆಗಿಂತ ಅಪಾಯ. ಆದ್ದರಿಂದ ‘ಮೊದಲ ಹಂತದಲ್ಲಿ ಅರ್ಧ ಗೋಡೆ, ಅನುದಾನ ಬಂದಂತೆ ಉಳಿದರ್ಧ’ ಎಂಬ ಪ್ರಸ್ತಾವಕ್ಕೆ ದಯವಿಟ್ಟು ಸಹಿ ಹಾಕಬೇಡಿ.

ಗೋಡೆ ಹೊಯ್ಗೆಯ ಓಟವನ್ನೂ ತಡೆಯುತ್ತದೆ. ಪುದುಚೇರಿಯಲ್ಲಿ 1980ರ ದಶಕದ ಕೊನೆಗೆ ಬಂದರಿನ ಗೋಡೆ ಎದ್ದ ಮೇಲೆ ಅದರ ದಕ್ಷಿಣಕ್ಕೆ ಮರಳು ಗುಡ್ಡೆ ಬಿತ್ತು, ಉತ್ತರಕ್ಕೆ ನಗರದ ಕಡಲದಂಡೆ ಕೊರೆದುಹೋಯಿತು. ನಮ್ಮಲ್ಲಿ ಹೊಯ್ಗೆ ಋತುವಿಗೆ ತಕ್ಕಂತೆ ದಿಕ್ಕು ಬದಲಿಸುತ್ತದೆ, ಹಾಗಾಗಿ ಯಾವ ಪಕ್ಕ ಕೊರೆಯುತ್ತದೆ ಎಂಬುದು ಒಂದು ಋತುವಿನ ಅಳತೆಯಿಂದ ತಿಳಿಯದು. ಉಪ್ಪಳದ ಮುಸೋಡಿಯಲ್ಲಿ ಈಗಾಗಲೇ ಕಡಲ್ಕೊರೆತ ಎಷ್ಟಿದೆ ಎಂದು ಎಲ್ಲರಿಗೂ ಗೊತ್ತು. ಅಂಥ ದಂಡೆಗಳ ಪಕ್ಕದಲ್ಲಿ ತೆಗೆದ ಹೂಳನ್ನು ಹರಾಜು ಹಾಕಿ ಆದಾಯ ಎಂದು ಬರೆದುಕೊಳ್ಳುವುದು ನಮ್ಮ ಕಣ್ಣಿಗೆ ಕಳ್ಳಲೆಕ್ಕ. ಅದು ದಂಡೆಯ ಹೊಯ್ಗೆ, ದಂಡೆಗೇ ಹೋಗಬೇಕು.

ಪರಿಸರ ವರದಿಯ ಪದ್ಧತಿಯಲ್ಲೊಂದು ವಿಚಿತ್ರ ಇದೆ. ಮೂಲ ಅಳತೆಗೆ ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ ಸಾಕು ಎನ್ನುತ್ತದೆ ಸಾಮಾನ್ಯ ನಿಯಮ. ನಮ್ಮ ಕಡಲು ಮಾತಾಡುವುದೇ ಮಳೆಗಾಲದಲ್ಲಿ. ಅದು ಬಾಯಿ ಮುಚ್ಚಿಕೊಂಡಿರುವಾಗ ಹೋಗಿ ಕೇಳಿ ಬರುವುದು ಯಾವ ಅಧ್ಯಯನ? ನಿಯಮ ಕೇಳುವುದು ಅಷ್ಟೇ ಆದರೂ ನೀವು ಹೆಚ್ಚು ಅಳೆಯಬಾರದು ಎಂದೇನೂ ಇಲ್ಲ. 15 ಮೀಟರ್ ಆಳದಲ್ಲಿ ಅಲೆ ಅಳೆಯುವ ತೇಲುಬುರುಡೆ ಪೂರಾ 12 ತಿಂಗಳು ಇರಲಿ. ಅಳಿವೆಯ ಆಳ ಸಮೀಕ್ಷೆ ಮೂರು ಸಲ ಆಗಲಿ: ಮೇ ಕೊನೆಯಲ್ಲಿ, ಅಕ್ಟೋಬರಿನಲ್ಲಿ, ಜನವರಿಯಲ್ಲಿ. ಕಾಲುವೆಯಲ್ಲಿ 25 ಮೀಟರಿಗೊಂದು ಗೆರೆ, ಹೊರಗೆ 8–10 ಮೀಟರ್ ಆಳದ ತನಕ. ದಂಡೆಯ ಅಡ್ಡಕೊಯ್ತ ಎರಡೂ ಪಕ್ಕ ಐದೈದು ಕಿಲೋಮೀಟರ್, 500 ಮೀಟರಿಗೊಂದು. ತಳದಲ್ಲಿ ಬಂಡೆ ಇದೆಯೋ ಎಂದು ತೋಡುವ ಆಳಕ್ಕಿಂತ 2 ಮೀಟರ್ ಕೆಳಗಿನ ತನಕ ಚುಚ್ಚಿ ನೋಡಬೇಕು. ಶ್ರೀಲಂಕಾದ ಹಂಬನ್‌ತೋಟದಲ್ಲಿ ಬಂದರಿನ ಬಾಗಿಲಲ್ಲೇ ಬಂಡೆ ಸಿಕ್ಕಿ ಸಿಡಿಮದ್ದು ಹಾಕಿ ಒಡೆಯಬೇಕಾಯಿತು. ಹಡಗುಗಳು ಬೇಕಾದಷ್ಟು ಬರಲಿಲ್ಲ, 2017ರಲ್ಲಿ ಆ ಬಂದರು 99 ವರ್ಷದ ಗುತ್ತಿಗೆಗೆ ಹೋಯಿತು.

ಅಂದ ಹಾಗೆ, ಸಾರ್ವಜನಿಕ ಅಹವಾಲಿಗೆ ಕೊಡುವ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಇರಬೇಕು. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಸ್ಥಳೀಯ ಭಾಷೆ ಎಂದರೆ ಕನ್ನಡವೂ ಹೌದು. ಮೊಗವೀರ ಪಟ್ಣದಲ್ಲಿ, ಅಂದರೆ ಮೀನುಗಾರರ ಕೇರಿಯಲ್ಲಿ, ಓದಿ ಹೇಳಲು ಬಾರದ ಸಾರಾಂಶದ ಮೇಲೆ ಅಹವಾಲು ಕೇಳಿದರೆ ಅದು ಹಾಜರಿ ಪುಸ್ತಕ ಮಾತ್ರ.

ಹಣದ ವಿಷಯಕ್ಕೆ ಬಂದರೆ, ಕಟ್ಟಲು ಬಾಗಿಲು ಬೇಕಾದಷ್ಟಿವೆ. ಕೇಂದ್ರದ ಸಾಗರಮಾಲಾ ಯೋಜನೆಯಲ್ಲಿ ಸಣ್ಣ ಬಂದರುಗಳ ಧಕ್ಕೆ, ಗೋಡೆ, ಮೊದಲ ಸಲದ ಹೂಳೆತ್ತುವಿಕೆಗೆ ಸಹಾಯಧನ ಉಂಟು. ಮೀನುಗಾರಿಕೆ ಬಂದರಿಗೆ 2018–19ರಲ್ಲಿ ಶುರುವಾದ 7,522 ಕೋಟಿಯ ಮೂಲಸೌಕರ್ಯ ನಿಧಿ ಇದೆ, ಬಡ್ಡಿಯಲ್ಲಿ ಶೇ. 3ರ ತನಕ ರಿಯಾಯಿತಿ, ಮರುಪಾವತಿಗೆ 12 ವರ್ಷ. ಮತ್ಸ್ಯ ಸಂಪದ ಯೋಜನೆ ಇದೆ. ತಿರುವನಂತಪುರದ ಹತ್ತಿರದ ದೊಡ್ಡ ಬಂದರು ವಿಝಿಂಜಂಗೆ ಸಿಕ್ಕಂಥ ಕೊರತೆ ನಿಧಿ (ಲಾಭ ಸಾಲದ ಯೋಜನೆಯ ಹಣದ ಕೊರತೆ ತುಂಬಲು ಕೇಂದ್ರ ಕೊಡುವುದು) ಇದೆ, 817.80 ಕೋಟಿಯ ಆ ನಿಧಿಯನ್ನು ರಾಜ್ಯ ಮರಳಿಸಬೇಕು ಎಂಬ ಷರತ್ತಿನ ಮೇಲೆ ಎಷ್ಟು ಜಗಳವಾಯಿತು ಎಂಬುದು ನಿಮಗೆ ಗೊತ್ತು. ವರ್ಷವರ್ಷದ ಹೂಳಿಗೆ ಮಾತ್ರ ಈ ಬಾಗಿಲುಗಳನ್ನು ನಂಬಿ ಕೂರುವಂತಿಲ್ಲ. ಮದುವೆಗೆ ಊರೆಲ್ಲ ಸಾಲ ಕೊಡುತ್ತದೆ, ಸಂಸಾರಕ್ಕೆ ಯಾರೂ ಕೊಡುವುದಿಲ್ಲ.

ಆದ್ದರಿಂದ ಹೂಳಿನ ಹಣವನ್ನು ಮೊದಲ ದಿನವೇ ಯೋಜನಾ ವೆಚ್ಚದ ಒಳಗೆ ಸೇರಿಸಿ. ವರ್ಷಕ್ಕೆ 2.16 ಕೋಟಿಯ ಉದಾಹರಣೆಯಲ್ಲಿ, ಖರ್ಚು ವರ್ಷಕ್ಕೆ ಶೇ. 5 ಏರುತ್ತದೆ, ಠೇವಣಿಗೆ ಶೇ. 7 ಬಡ್ಡಿ ಸಿಗುತ್ತದೆ ಎಂದರೆ 20 ವರ್ಷಕ್ಕೆ ಇವತ್ತೇ ತೆಗೆದಿಡಬೇಕಾದ್ದು ಸುಮಾರು 34 ಕೋಟಿ. ಸಣ್ಣ ಹಡಗಿನ 60 ಲಕ್ಷದ ಲೆಕ್ಕದಲ್ಲಿ ಒಂಬತ್ತೂವರೆ ಕೋಟಿಯ ಹತ್ತಿರ. ಇದು ಪ್ರತ್ಯೇಕ ಖಾತೆಯಲ್ಲಿರಲಿ, ಟ್ರೆಜರಿಯ ಮಾರ್ಚ್ ಗಡಿಬಿಡಿಗೆ ಸಿಗದಂತೆ. ಈ ಮೊತ್ತ ತೆಗೆದಿಡಲು ಆಗದ ಯೋಜನೆಗೆ ಗುದ್ದಲಿಪೂಜೆಯೂ ಬೇಡ. ವಿಝಿಂಜಂನಿಂದ ರಾಜ್ಯಕ್ಕೆ ಆದಾಯದ ಪಾಲು 2034ರಿಂದ ಬರತೊಡಗುತ್ತದೆ. ಅದರಲ್ಲಿ ಒಂದು ನಿಶ್ಚಿತ ಭಾಗ ಸಣ್ಣ ಬಂದರುಗಳ ಹೂಳಿನ ಖಾತೆಗೆ ಎಂದು ಈಗಲೇ ಕಾಯಿದೆಯಲ್ಲಿ ಬರೆದಿಡುವುದು ಫಿಲಿಪ್ಪೀನ್ಸ್‌ನ ಪದ್ಧತಿಯ ಒಳ್ಳೆಯ ಅರ್ಧವನ್ನು ತಂದಂತೆ. ದರ ನಿಗದಿ ಮಾಡುವವರು ಮಾತ್ರ ಬೇರೆ ಇರಲಿ.

ಹಡಗಿನ ದಾರಿಗೆ ಹಣ ಹೇಗೆ? ಸಬ್ಸಿಡಿಯನ್ನು ಹಡಗಿಗೆ ಕೊಡಬೇಡಿ, ಮುಗಿಸಿದ ಯಾನಕ್ಕೆ ಕೊಡಿ. ಎರಡು ಹಂಗಾಮಿನ ಗುತ್ತಿಗೆ, ಅಕ್ಟೋಬರಿನಿಂದ ಮೇ ಮೊದಲ ವಾರದ ತನಕ ವಾರಕ್ಕೆ ಎರಡು ಯಾನ, ತಡವಾದರೆ ಕಡಿತ, ಮರುಸರಕು ತಂದರೆ ಟನ್ನಿಗಿಷ್ಟು ಹೆಚ್ಚು. ಮರುಸರಕು ಎಂದರೆ ಕೊಬ್ಬರಿ, ಒಣ ಚೂರೆ (ಟ್ಯೂನಾ) ಮೀನು, ತಂಪು ಪೆಟ್ಟಿಗೆಯಲ್ಲಿ ಹಸಿ ಚೂರೆ, ಗುಜರಿ, ದ್ವೀಪದಲ್ಲಿ ರಾಶಿ ಬೀಳುವ ಪ್ಲಾಸ್ಟಿಕ್. ಕೊನೆಯದಕ್ಕೆ ಮಾರುಕಟ್ಟೆ ಬಾಡಿಗೆ ಕೊಡುವುದಿಲ್ಲ. ಲಕ್ಷದ್ವೀಪ ಆಡಳಿತ ಕೊಡಬೇಕು. ಈ ಎರಡು ಹಂಗಾಮನ್ನು ಕಾಸರಗೋಡಿನಿಂದಲೇ ಓಡಿಸಬೇಕೆಂದು ನಾವು ಹೇಳುವುದಿಲ್ಲ. ಮಂಗಳೂರಿನಿಂದಲೋ ಬೇಪೂರಿನಿಂದಲೋ, ಇರುವ ಧಕ್ಕೆಯಿಂದ ಓಡಲಿ. ನಮ್ಮ ಜಿಲ್ಲೆಯಿಂದ ನಿಜಕ್ಕೂ ಎಷ್ಟು ಲಾರಿ ಹತ್ತುತ್ತದೆ ಎಂದು ಎಣಿಸಿ. ಜಲ್ಲಿ, ಮುರಕಲ್ಲು, ತರಕಾರಿಯ ಲಾರಿಗಳು ವಾರಕ್ಕೆ ಎರಡು ಹಡಗನ್ನು ತುಂಬಿಸಿದರೆ ನಾಲ್ಕರಲ್ಲಿ ಒಂದೇ ಒಂದು ಕಡೆ ಇಳಿಜಾರು ಹಾಸು ಕಟ್ಟಿ. ತುಂಬದಿದ್ದರೆ ನಾಲ್ಕನ್ನೂ ಮೀನುಗಾರರಿಗೆ ಬಿಟ್ಟು ಅವರ ಅಳಿವೆಯನ್ನು ವರ್ಷವಿಡೀ ತೆರೆದಿಡಿ. 52 ದಿನಗಳ ಟ್ರಾಲಿಂಗ್ ನಿಷೇಧ ಮುಗಿದು ಆಗಸ್ಟ್ 1ಕ್ಕೆ ಬೋಟು ಹೊರಡುವಾಗ ಬಾಗಿಲಲ್ಲಿ ಎಷ್ಟು ಆಳ ಇದೆ ಎಂಬ ಹಲಗೆಯಾದರೂ ಅಲ್ಲಿರಲಿ.

ಆಚೆ ದಡವನ್ನೂ ಇದೇ ಕಡತದಲ್ಲಿ ಸೇರಿಸಿ. ಇಲ್ಲಿ ರೋ-ರೋ, ಅಲ್ಲಿ ದೋಣಿಗೆ ಇಳಿಸುವ ಜೆಟ್ಟಿ ಎಂದಾದರೆ ಮಾಡಿದ ಖರ್ಚೆಲ್ಲ ನೀರಿಗೆ. ಹವಳದ ಹಾಸನ್ನು ಹೊಸದಾಗಿ ಒಡೆಯದೆ, ಈಗ ದೋಣಿ ಓಡುವ ದಾರಿಯಲ್ಲೇ 2 ಮೀಟರ್ ನೀರೆಳೆಯುವ ಹಡಗು ನುಸುಳುವ ದ್ವೀಪಗಳು ಯಾವುವು ಎಂದು ಲಕ್ಷದ್ವೀಪ ಆಡಳಿತ ಮೊದಲು ಅಳೆದು ಹೇಳಬೇಕು. 2025ರ ಹೊಸ ಕರಾವಳಿ ಹಡಗು ಕಾಯಿದೆ ದೇಶಕ್ಕೊಂದು ಕರಾವಳಿ ಸಾಗಾಟ ಯೋಜನೆ ಬರೆಯಬೇಕು ಎನ್ನುತ್ತದೆ. ಎರಡು ಆಡಳಿತಗಳ ನಡುವಿನ ಈ 130 ಮೈಲು ಅದರಲ್ಲಿ ಒಂದು ಸಾಲಾಗಿ ಸೇರಲಿ.

ಸದ್ಯಕ್ಕೆ ಬೇಕಾದ್ದು ಸಣ್ಣ ಕೆಲಸ. ನಾಲ್ಕೂ ಅಳಿವೆಗಳಲ್ಲಿ ಒಂದೊಂದು ಉಬ್ಬರದ ಅಳತೆಕೋಲು, ಅದರ ಸೊನ್ನೆಯನ್ನು ಹತ್ತಿರದ ಸರ್ವೆ ಗುರುತಿಗೆ ಜೋಡಿಸಿ ನೆಟ್ಟದ್ದು. ದಿನಕ್ಕೆ ಎರಡು ಸಲ ಓದಿ ಬರೆಯಲು ಸ್ಥಳೀಯ ಮೀನುಗಾರರ ಸಂಘದ ಒಬ್ಬರು. ತಿಂಗಳಿಗೊಮ್ಮೆ ಬಾಗಿಲಿನ ಆಳ ಅಳೆದು ಧಕ್ಕೆಯ ಗೋಡೆಗೆ ಕನ್ನಡ ಮತ್ತು ಮಲಯಾಳದಲ್ಲಿ ಅಂಟಿಸುವುದು. ಮುಂದಿನ ಮಳೆಗಾಲದ ಮೊದಲ ನೆರೆ ಬರುವ ಮುಂಚೆ, ಜೂನ್ 1ರೊಳಗೆ ಕೋಲು ನೆಟ್ಟರೆ ಒಂದು ಪೂರಾ ವರ್ಷದ ಅಂಕಿ ಅದರ ಮರುವರ್ಷದ ಮೇ ಕೊನೆಗೆ ನಿಮ್ಮ ಮೇಜಿನ ಮೇಲಿರುತ್ತದೆ.

ಇತಿ,
ಬಂದರು ಮತ್ತು ಕಡಲ ಸಾಗಾಟದ ಲೆಕ್ಕ ಬಲ್ಲ ಕಾಸರಗೋಡಿನ ಕೆಲವು ಕನ್ನಡಿಗರು